ಪರಾತದ ಬೆನ್ನು

ಹತ್ತೊಂಬತ್ತು ವರ್ಷಗಳಿಂದ ನನ್ನ ಬಳಿ ಒಂದು ಹಂಡೆಯ ಕತೆ ಇತ್ತು. ಹಂಡೆ ಇರಲಿಲ್ಲ, ಕತೆ ಇತ್ತು.

ಮದುವೆಯಲ್ಲಿ ನನ್ನ ಅವ್ವ ನನಗೆ ನೀರು ಕಾಯಿಸುವ ತಾಮ್ರದ ಹಂಡೆ ಕೊಟ್ಟಿದ್ದಳು. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ‘ಜಯಮಾಲಾ ಭೀಮಾಶಂಕರ’ ಎಂದು ಹೆಸರು ಹಾಕಿಸಿದ್ದಳು. ನಮ್ಮ ಕಡೆ ಹೆಸರಿಲ್ಲದ ಭಾಂಡೆ ಸಾಮಾನು ಮದುಮಗಳ ಜೊತೆ ಹೋಗುವುದಿಲ್ಲ. ಚಮಚದಿಂದ ಹಿಡಿದು ಹಂಡೆಯವರೆಗೆ ಎಲ್ಲದರ ಮೇಲೂ ಅಂಗಡಿಯವನು ಕೊರೆದೇ ಕೊಡುತ್ತಾನೆ. ಆಡಕಿಯಲ್ಲಿದ್ದ ನಮ್ಮ ಕೂಡು ಮನೆ ಪಾಲಾದ ದಿನ ಆ ಹಂಡೆ ನನ್ನ ಜೊತೆ ಬರಲಿಲ್ಲ. ಮೈದುನ ರೇವಣಸಿದ್ದನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ಜಗದೇವಿ, ಇಟ್ಟುಕೊಂಡಳು. ಅಂದಿನಿಂದ ನಾನು ಅವಳ ಹೊಸ್ತಿಲು ತುಳಿದಿಲ್ಲ. ದೀಪಾವಳಿಗೆ ಗಂಡ ಒಬ್ಬರೇ ಹೋಗಿ ಬರುತ್ತಾರೆ.

ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ನಾವಿರುವುದು ವಾಡಿಯಲ್ಲಿ. ಗಾಡಿಗಳು ಬಂದು ನಿಂತು, ಯೋಚಿಸಿ, ಆಮೇಲೆ ಹೊರಡುವ ಊರು ಇದು. ಪ್ಲಾಟ್‌ಫಾರಮ್ಮಿನಲ್ಲಿ ಪಕ್ಕ ಕೂತ ಹೆಂಗಸಿಗೆ ಒಂದು ಹಂಡೆಯ ಕತೆಯನ್ನು ಪೂರ್ತಿ ಹೇಳಿ ಮುಗಿಸುವಷ್ಟು ಸಮಯ ಸಿಗುತ್ತದೆ. ಹೇಳುತ್ತಾ ಹೇಳುತ್ತಾ ಹಂಡೆ ಬೆಳೆಯಿತು. ಮೊದಲ ವರ್ಷ ಅದು ಮೂರು ಕೊಡ ನೀರು ಹಿಡಿಯುತ್ತಿತ್ತು. ಈಚೆಗೆ ಆರಕ್ಕೆ ಬಂದಿತ್ತು. ಪಕ್ಕದ ಮನೆಯ ಸೈದಾನಬಿ ಒಂದು ದಿನ ಬೆಳ್ಳುಳ್ಳಿ ಸುಲಿಯುತ್ತಾ ತಡೆದು ಕೇಳಿದಳು.

“ಹ್ವಾದ ಸಲ ಐದ್ ಕೊಡ ಅಂದಿದ್ರಲ್ಲ ಅಕ್ಕಾ?”

“ಅದು ಕಂಠದ ಕೆಳಗಿಂದು,” ಎಂದೆ. ಅಷ್ಟು ಬೇಗ ಸುಳ್ಳು ಹೊಳೆಯುತ್ತದೆ ನನಗೆ.

ಹೀಗಿದ್ದವಳು ಈ ಬೇಸಿಗೆಯಲ್ಲಿ ವಾಟ್ಸಾಪಿನ ಒಂದು ಗುಂಪು ಸೇರಿದೆ. ‘ಇಪ್ಪತ್ತೊಂದು ದಿನದಲ್ಲಿ ಹಗುರ ಮನಸ್ಸು.’ ನಾನು ಅಂಗನವಾಡಿಗಳ ಮೇಲ್ವಿಚಾರಕಿ. ಜೊತೆಗೆ ಕೆಲಸ ಮಾಡುವವರೆಲ್ಲ ಸೇರಿದ್ದರು, ನಾನೊಬ್ಬಳೇ ಭಾರ ಉಳಿಯುವುದು ಸರಿಯಲ್ಲವೆನಿಸಿತು. ದಿನಾ ನಸುಕಿನಲ್ಲಿ ಒಬ್ಬ ಮೇಡಂ ಜೇನು ಸುರಿದಂಥ ದನಿಯಲ್ಲಿ ಸಂದೇಶ ಕಳಿಸುತ್ತಿದ್ದರು. ಹಿಡಿದಿದ್ದನ್ನು ಬಿಡಿ, ಒಳ್ಳೆಯದನ್ನೇ ಯೋಚಿಸಿ, ಕನ್ನಡಿ ನೋಡಿ ನಗಿ. ಕನ್ನಡಿ ನೋಡಿ ನಕ್ಕೆ. ಹಿಂದೆ ಗಡ್ಡ ಹೆರೆದುಕೊಳ್ಳಲು ಕಾದು ನಿಂತಿದ್ದ ನನ್ನ ಗಂಡ ಭೀಮಾಶಂಕರ, “ಯಾರಿಗ್ ನಗ್ಲಿಕತ್ತಿ?” ಎಂದು ಕೇಳಿದರು.

ಮೂರನೆಯ ದಿನ ಹಂಡೆಯನ್ನು ಮನಸ್ಸಿನಲ್ಲೇ ಬಿಟ್ಟುಬಿಟ್ಟೆ. ಬಿಟ್ಟಿದ್ದನ್ನು ಗುಂಪಿನಲ್ಲಿ ಬರೆದೆ. ಬಿಟ್ಟದ್ದು ಎಷ್ಟು ದೊಡ್ಡದು ಎಂದು ತಿಳಿಯಬೇಕಲ್ಲ, ಅದಕ್ಕೆ ಹಂಡೆಯ ಕತೆಯನ್ನು ಮೊದಲಿನಿಂದ ಪೂರ್ತಿ ಬರೆದೆ. ನಲವತ್ತೆರಡು ಜನ ಕೈಮುಗಿದ ಚಿತ್ರ ಹಾಕಿದರು. ಒಬ್ಬಾಕೆ ಕಣ್ಣೀರಿನದು ಹಾಕಿದಳು. ಅವತ್ತು ಊಟ ಭಾರೀ ರುಚಿ ಹತ್ತಿತು.

ಒಂಬತ್ತನೆಯ ದಿನದ ಪಾಠ ಬೇರೆ ಇತ್ತು. ಮನೆಯಲ್ಲಿ ಬಳಸದ ವಸ್ತುಗಳನ್ನು ನಗುನಗುತ್ತಾ ಕೊಟ್ಟುಬಿಡಬೇಕು. ಕೊಟ್ಟದ್ದನ್ನು ವಿಶ್ವವು ನಿಮಗೆ ಬೇರೆ ರೂಪದಲ್ಲಿ ಮರಳಿಸುತ್ತದೆ. ನಾನು ಅಟ್ಟ ಹತ್ತಿದೆ. ಎರಡು ಡಬ್ಬಿ, ಒಂದು ಜರಡಿ, ಅಗಲ ತಟ್ಟೆಯಂಥ ಒಂದು ಹಿತ್ತಾಳೆಯ ಪರಾತ. ಪಾಲಾದಾಗಿನಿಂದ ಹೋದ ದೀಪಾವಳಿವರೆಗೂ ಜೋಳದ ಹಿಟ್ಟು ನಾದಿದ್ದು ಅದೇ ಪರಾತದಲ್ಲಿ. ಸ್ಟೀಲಿನದು ಬಂದ ಮೇಲೆ ಅದು ಮೇಲೆ ಹೋಗಿತ್ತು. ಹುಣಸೆಹಣ್ಣು ಹಚ್ಚಿ ಬೆಳಗಿ, ಅಂಗನವಾಡಿಯಲ್ಲಿ ಅಡುಗೆ ಮಾಡುವ ಮರೆಮ್ಮನಿಗೆ ಕೊಟ್ಟೆ. ನಗುನಗುತ್ತಲೇ ಕೊಟ್ಟೆ. ಆಕೆ ಹೆದರಿದಳು.

“ಬಾಯಾರ, ನನ್ನ ಕೆಲಸ ತಗದ್ರೇನ್ರಿ?”

“ಇಲ್ಲಬೇ, ಖುಷೀಲೆ ಕೊಡ್ಲಿಕತ್ತೀನಿ.”

“ಹಂಗಂದ್ರ ಯಾರ್ ಸತ್ರು?”

ಕಷ್ಟಪಟ್ಟು ಒಪ್ಪಿಸಿ ಕಳಿಸಿದೆ.

ನಾಲ್ಕು ದಿನ ಬಿಟ್ಟು ಅಂಗನವಾಡಿಗೆ ಹೋದಾಗ ಮರೆಮ್ಮ ಒಲೆಯ ಮುಂದಿಂದ ಎದ್ದು ಬಂದಳು. ಮುಖದ ಮೇಲೆ ದೊಡ್ಡ ಉಪಕಾರ ಮಾಡಿದ ಕಳೆ.

“ಬಾಯಾರ, ನಿಮ್ಮ ಪರಾತ ಮುಟ್ಟಿಸೀನ್ರಿ.”

“ಎಲ್ಲಿಗೆ?”

“ಹೆಸರಿನಾಕಿ ಮನಿಗ್ರಿ. ಬೋರಲ ಹಾಕಿ ನೋಡ್ತೀನಿ, ಬೆನ್ನ ಮ್ಯಾಲ ‘ಜಗದೇವಿ ರೇವಣಸಿದ್ದ, ಆಡಕಿ’ ಅಂತ ಬರದಾರ. ಆಡಕಿ ನನ್ನ ತವರ್ರಿ! ನಮ್ಮಣ್ಣನ ಮಮ್ಮಗನ ಜವಳ ಇತ್ತು, ಹೆಂಗೂ ಹೋಗಾಕೆ ಇದ್ನಿ. ಬಾಯಾರು ಎರವಲ ತಂದದ್ದು ಮರತು ನನಗ್ ಕೊಟ್ಟಾರ, ಪಾಪ, ಬಯ್ಸಿಕೊಂಡಾರು ಅಂತ ಒಯ್ದು ಆಕಿ ಕೈಗೇ ಕೊಟ್ಟು ಬಂದೀನಿ.”

ಅವತ್ತು ನಲವತ್ತೆರಡು ಡಿಗ್ರಿ ಬಿಸಿಲಿತ್ತು. ನನಗೆ ಚಳಿ ಬಂತು.

“ಆಕಿ ಏನಂದ್ಲು?”

“ಪರಾತ ಅವಚಿಕೊಂಡು ಕುಂತುಬಿಟ್ಳ್ರಿ. ಆಮ್ಯಾಲ, ಎಲ್ಲಿ ಸಿಕ್ತು ಅಂದ್ಲು. ನಾ ಎಲ್ಲಾ ಖರೇನೇ ಹೇಳೀನ್ರಿ.”

ಮನೆಗೆ ಬಂದು ಸ್ಟೀಲಿನ ಪರಾತದ ಮುಂದೆ ಕೂತೆ. ಹತ್ತೊಂಬತ್ತು ವರ್ಷ ಆ ಹಿತ್ತಾಳೆಯದನ್ನು ಕೈಯಾರೆ ತಿಕ್ಕಿದ್ದೇನೆ. ಬೆನ್ನ ಮೇಲೆ ಚುಕ್ಕಿಗಳಿರುವುದು ಬೆರಳಿಗೆ ಗೊತ್ತಿತ್ತು. ಒಮ್ಮೆಯೂ ಬೆಳಕಿಗೆ ಹಿಡಿದು ಓದಲಿಲ್ಲ. ಯಾಕೆ ಓದಬೇಕು? ಹೆಸರಿದೆ ಎಂದರೆ ನನ್ನದೇ. ವಸ್ತು ಕಳೆದುಕೊಂಡವಳು ನಾನು. ಕಳೆದುಕೊಂಡವಳ ಮನೆಯಲ್ಲಿ ಮಂದಿಯ ವಸ್ತು ಹೇಗೆ ಇದ್ದೀತು? ಪಾಲಾದ ದಿನದ ಗದ್ದಲದಲ್ಲಿ ನಾನೇ ಸಿಟ್ಟಿನಿಂದ ಕೈಗೆ ಸಿಕ್ಕದ್ದನ್ನೆಲ್ಲ ಚೀಲಕ್ಕೆ ತುಂಬಿದ್ದು ನೆನಪಾಯಿತು. ಆ ಭಾಗ ನನ್ನ ಕತೆಯಲ್ಲಿ ಇರಲಿಲ್ಲ.

ಸಂಜೆ ಫೋನು ಬಂತು.

“ಯಕ್ಕಾ, ನಾ ಜಗದೇವಿ.”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ನಾನು ತಯಾರಾಗಿದ್ದೆ. ಅವಳು ಕಳ್ಳಿ ಎಂದರೆ ನಾನು ಹಂಡೆ ಎನ್ನುವವಳಿದ್ದೆ. ಅವಳು ಬೈಯಲೇ ಇಲ್ಲ. ಹೀಗೆ ಬೈಯದವರ ಜೊತೆ ಏಗುವುದು ಬಹಳ ಕಷ್ಟ.

“ಯಕ್ಕಾ, ಭಾಗ್ಯಾಂದು ಮದಿವಿ ಇಟ್ಕೊಂಡೀವಿ. ಭಾವ ಹೇಳಿರಬೇಕಲ್ಲ.”

“ಹೇಳ್ಯಾರ,” ಎಂದೆ. ಭಾಗ್ಯಾ ಅವಳ ಮಗಳು.

“ಪರಾತ ಬಂತು. ನೀ ಗೊತ್ತಿದ್ದು ಒಯ್ದಿಲ್ಲ ಬಿಡು. ಅದಲ್ಲ ನಾ ಹೇಳಾಕತ್ತಿದ್ದು. ಅವತ್ತು ಪಾಲಿನ ದಿನ ಅಡಿಗಿಗೆ, ಭಾಂಡಿಗಿ ಅನಸುಬಾಯಿ ಬಂದಿದ್ಲಲ್ಲ? ನಾ ಪರಾತ ಆಕೀನೇ ಒಯ್ದಾಳ ಅಂದ್ನೆಕ್ಕಾ. ಬಾವಿ ಕಟ್ಟಿ ಮ್ಯಾಲ, ಹತ್ತ ಮಂದಿ ಮುಂದ. ಅವತ್ತಿಂದ ಆಕಿ ನಮ್ಮ ಅಂಗಳದಾಗ ಕಾಲಿಟ್ಟಿಲ್ಲ.”

ಅನಸುಬಾಯಿ. ನಾನು ಬಾಣಂತಿಯಾಗಿದ್ದಾಗ ಬೆನ್ನಿಗೆ ಎಣ್ಣೆ ತಿಕ್ಕಿದವಳು. ಆ ಹೆಸರು ಕೇಳಿದಾಗ ನನಗೆ ಮೊದಲು ಅವಳ ಬಗ್ಗೆ ಮರುಕ ಬಂತು ಎಂದು ಬರೆಯಬೇಕೆಂದು ಆಸೆಯಿದೆ. ಮೊದಲು ಬಂದ ಯೋಚನೆ ಬೇರೆ: ಇನ್ನು ನನ್ನ ಹಂಡೆಯ ಕತೆಯನ್ನು ಯಾರು ಕೇಳುತ್ತಾರೆ? ಗಂಡನ ಸಂಬಳ, ನನ್ನ ನೌಕರಿ, ಇದ್ದ ಒಬ್ಬ ಮಗಳಿಗೆ ಶಹಾಬಾದಿನಲ್ಲಿ ಒಳ್ಳೆಯ ಮನೆ, ಎಲ್ಲವೂ ಇದ್ದ ನನಗೆ ಲೋಕದ ಎದುರು ಇದ್ದ ಒಂದೇ ದೊಡ್ಡಸ್ತಿಕೆ, ಅನ್ಯಾಯವಾದವಳು ಎಂಬುದು. ಅದನ್ನು ಇಳಿಸಿಟ್ಟರೆ ನಾನು ಬರೀ ಮಂಡಿನೋವಿನ ಒಬ್ಬ ಹೆಂಗಸು.

ಮಾರನೆಯ ನಸುಕಿನಲ್ಲಿ ಗುಂಪಿನ ಪಾಠ ಬಂತು: ‘ಇಂದು, ನಿಮಗೆ ನೋವು ಕೊಟ್ಟವರನ್ನು ಕ್ಷಮಿಸಿ.’ ಮೊದಲಿನಿಂದ ಮತ್ತೆ ಕೇಳಿದೆ. ನೋವು ಕೊಟ್ಟವರು ಏನು ಮಾಡಬೇಕು ಎಂಬುದು ಎಲ್ಲೂ ಇರಲಿಲ್ಲ. ಅವರಿಗೆ ಬೇರೆ ಗುಂಪಿರಬಹುದು.

ಮದುವೆಯ ಹಿಂದಿನ ದಿನ ವಾಡಿಯಿಂದ ಸೇಡಂಗೆ ಗಾಡಿಯಲ್ಲಿ, ಅಲ್ಲಿಂದ ಟಂಟಂ ಆಟೋದಲ್ಲಿ ಆಡಕಿಗೆ ಹೋದೆವು. ದಾರಿಯುದ್ದಕ್ಕೂ ನಾನು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅನಸುಬಾಯಿಯ ಮನೆಗೆ ಹೋಗುವುದು, ನಾಲ್ಕು ಗೋಡೆಗಳ ಒಳಗೆ ಮೆಲ್ಲಗೆ ಹೇಳುವುದು, ಕೈಗೆ ಒಂದು ಕುಬುಸದ ಬಟ್ಟೆ ಇಡುವುದು. ಹೀಗಾದರೆ ಅವಳ ಮನಸ್ಸೂ ಹಗುರ, ನನ್ನ ಮರ್ಯಾದೆಯೂ ಉಳಿಯಿತು.

ಜಗದೇವಿ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟಳು. ಅವಳ ತಲೆ ನನಗಿಂತ ಹೆಚ್ಚು ಬೆಳ್ಳಗಾಗಿತ್ತು. ನಾನು ನೇರ ಬಚ್ಚಲಿಗೆ ಹೋದೆ, ಮುಖ ತೊಳೆಯುವ ನೆಪದಲ್ಲಿ.

ಹಂಡೆ ಅಲ್ಲೇ ಇತ್ತು. ಪಾಲಿನ ದಿನ ಎಲ್ಲಿತ್ತೋ ಅಲ್ಲೇ, ಒಲೆಯಲ್ಲಿ ಕೂತು, ಸುತ್ತ ಕಂಠದವರೆಗೆ ಮಣ್ಣು ಮೆತ್ತಿಸಿಕೊಂಡು. ಇದೂ ನನ್ನ ಕತೆಯಲ್ಲಿ ಇರಲಿಲ್ಲ. ಅದನ್ನು ಒಯ್ಯಬೇಕಾದರೆ ಒಲೆಯನ್ನೇ ಒಡೆಯಬೇಕಿತ್ತು. “ಒಲಿ ಒಡಿಸಿ ಆಮ್ಯಾಲ ಕಳಸ್ತೀನಿ ಯಕ್ಕಾ,” ಎಂದಿದ್ದಳು ಜಗದೇವಿ ಅವತ್ತು. ಆ ‘ಆಮ್ಯಾಲ’ ಎಂಬುದನ್ನು ನಾನು ‘ಕೊಡುವುದಿಲ್ಲ’ ಎಂದು ತಿಳಿದುಕೊಂಡು ಎತ್ತಿನ ಬಂಡಿ ಹತ್ತಿದ್ದೆ.

“ಎಷ್ಟ್ ಕೊಡ ಹಿಡಿತದ ಇದು?” ಎಂದು ಕೇಳಿದೆ.

“ಎರಡ್. ಕಂಠತನ ತುಂಬಿದ್ರ ಎರಡೂವರಿ. ಯಾಕ?”

“ಸುಮ್ನ.”

“ಪ್ರತಿ ದೀಪಾವಳಿಗಿ ಭಾವಗ ಹೇಳ್ತಿದ್ನಿ, ಒಯ್ರಿ ಅಂತ. ಅವರು ಹೇಳಿಲ್ಲೇನು?”

ನಾನು ಹೊರಗೆ ಬಂದು ಗಂಡನನ್ನು ನೋಡಿದೆ. ಅವರು ಅಂಗಳದ ಫರಸಿಕಲ್ಲಿನ ಮೇಲೆ ಕೂತು ತಮ್ಮನ ಜೊತೆ ಎಲೆ ಹಾಕುತ್ತಿದ್ದರು.

“ಹೇಳಿದ್ನಲ್ಲ,” ಎಂದರು, ನಿಧಾನಕ್ಕೆ ಸುಣ್ಣ ಹಚ್ಚುತ್ತಾ. “ಎಲ್ಲಾ ಸಲ ಹೇಳೀನಿ. ಜಗದೇವಿ ಅನ್ನೂದ್ರೊಳಗ ನೀ ಕತಿ ಚಾಲೂ ಮಾಡ್ತಿದ್ದಿ. ನಾ ಎಲ್ಲಿ ನುಗ್ಗಲಿ?”

ಇಳಿಹೊತ್ತಿಗೆ ಜಗದೇವಿಯೂ ನಾನೂ ಅನಸುಬಾಯಿಯ ಮನೆಗೆ ಹೋದೆವು. ಆಕೆ ಬಾಗಿಲ ನೆರಳಿನಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿ ಮೊರ ಕೆಳಗಿಡಲಿಲ್ಲ. ಒಳಗೆ ಕರೆಯಲೂ ಇಲ್ಲ. ನಾನು ನಿಂತೇ ಹೇಳಿದೆ. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಅರ್ಧ ಬಾಯಿಗೆ ಬರಲಿಲ್ಲ. ಪರಾತ ನನ್ನ ಮನೆಯಲ್ಲಿತ್ತು, ತಿಳಿಯದೆ ಆಯಿತು, ತಪ್ಪು ನನ್ನದು, ಇದನ್ನೆಲ್ಲ ಹೇಳಿ ಕೊನೆಗೆ ಗುಂಪಿನ ಮೇಡಂ ದನಿಯಲ್ಲಿ, “ಹ್ವಾದದ್ದು ಹ್ವಾತು, ಮನಸಿನ್ಯಾಗ ಇಟ್ಕೋಬ್ಯಾಡ, ಬಿಟ್ಟುಬಿಡು ಅನಸುಬಾಯಿ,” ಎಂದುಬಿಟ್ಟೆ. ಆ ವಾಕ್ಯ ಬಾಯಿಂದ ಹೊರಗೆ ಬೀಳುವಾಗಲೇ ಅದರ ಕಾಲು ಹಿಡಿದು ಒಳಗೆ ಎಳೆದುಕೊಳ್ಳಬೇಕೆನಿಸಿತು.

ಅನಸುಬಾಯಿ ಮೊರ ಕೇರುವುದನ್ನು ನಿಲ್ಲಿಸಿದಳು.

“ನಾ ಹಿಡಕೊಂಡೀನಾ ಅಕ್ಕೋರ, ಬಿಡಾಕ? ನನ್ನ ಕೊಳ್ಳಿಗಿ ನೀವು ಕಟ್ಟೀರಿ.”

ಜಗದೇವಿ ತಲೆ ತಗ್ಗಿಸಿದಳು.

“ಶಾಲಿ ಅಡಿಗಿ ಕೆಲಸಕ್ಕ ನನ್ನ ಹೆಸರ ಬಂದಿತ್ತು. ಭಾಂಡಿ ಸಂಭಾಳಸೋ ಕೆಲಸ, ಆಕೀಗಿ ಬ್ಯಾಡ ಅಂದ್ರು ಊರ ಮಂದಿ. ನನ್ನ ಮಗ ಭಗವಂತ ಆಗ ಹತ್ತನೇತ್ತಿ ಓದ್ತಿದ್ದ. ‘ಯವ್ವಾ, ಖರೇನ ಒಯ್ದೀಯೇನು?’ ಅಂತ ನನ್ನ ಮಗಾನೇ ಕೇಳಿದ.” ಮೊರದಿಂದ ಒಂದು ಕಲ್ಲು ಹೆಕ್ಕಿ ದೂರ ಎಸೆದಳು. “ಈಗ ಬಂದು ಮೆಲ್ಲಕ ಹೇಳ್ಲಿಕತ್ತೀರಿ. ಕಳ್ಳಿ ಅಂದದ್ದು ಹತ್ತ ಮಂದಿ ಮುಂದ. ಅಲ್ಲ ಅನ್ನೂದು ಕಿವ್ಯಾಗೇನ್ರಿ?”

ನಾನು ಕುಬುಸದ ಬಟ್ಟೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ತೆಗೆಯದೆ ಉಳಿದದ್ದೇ ಆ ದಿನ ನಾನು ಮಾಡಿದ ಒಂದು ಜಾಣತನ.

“ನಾಳಿ ಸುರಗಿಗಿ ಬಾ,” ಎಂದೆ.

“ನೋಡ್ತೀನಿ,” ಎಂದಳು, ಮತ್ತೆ ಕೇರತೊಡಗುತ್ತಾ.

ದಾರಿಯಲ್ಲಿ ಜಗದೇವಿ ಹೇಳಿದಳು, “ಯಕ್ಕಾ, ನಾಳಿ ನಾ ಹೇಳ್ತೀನಿ. ಬಾಯಿ ಮಾಡಿದಾಕಿ ನಾನು.”

ಒಳ್ಳೆಯ ದಾರಿ ಅದು. ಅವಳು ಹೇಳಿಬಿಟ್ಟರೆ ನಾನು ಹಿಂದಿನ ಸಾಲಿನಲ್ಲಿ ನಿಂತು ತಲೆಯಾಡಿಸಬಹುದು. ಅಂಗಳ ಮುಟ್ಟುವವರೆಗೂ ಆ ದಾರಿಯ ಚೆಂದವನ್ನೇ ನೋಡುತ್ತಾ ನಡೆದೆ. ಆಮೇಲೆ, “ಇಬ್ರೂ ಹೇಳೂಣು. ಮೊದಲ ನಾನು,” ಎಂದೆ.

ಬೆಳಿಗ್ಗೆ ಸುರಗಿಯ ಸ್ನಾನಕ್ಕೆಂದು ಅಂಗಳದ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಭಾಗ್ಯಾಳನ್ನು ಅರಿಷಿಣ ಹಚ್ಚಿ ಕೂಡಿಸಿದ್ದರು. ನೀರು ಬಂದದ್ದು ನನ್ನ ಹಂಡೆಯಿಂದ. ಊರಿನ ಹೆಂಗಸರೆಲ್ಲ ನೆರೆದಿದ್ದರು. ಅನಸುಬಾಯಿ ಅಂಗಳದ ಹೊರಗೆ, ಬೇವಿನ ಗಿಡದ ಕೆಳಗೆ ನಿಂತಿದ್ದಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

ಹಾಡು ನಿಂತ ಒಂದು ಗಳಿಗೆಯಲ್ಲಿ ನಾನು ಪರಾತ ಹಿಡಿದು ನಿಂತೆ. ಒಂದು ವಿಷಯದಲ್ಲಿ ನನಗೆ ಅನುಕೂಲವಿತ್ತು: ಕತೆ ಹೇಳಿ ರೂಢಿಯಿತ್ತು.

“ನನ್ನ ಹಂಡಿ ಕತಿ ಎಲ್ಲಾರಿಗೂ ಗೊತ್ತದ,” ಎಂದೆ.

“ಹ್ಞೂಂ ಯವ್ವಾ, ಚಿಂಚೋಳಿ ತನ ಗೊತ್ತದ,” ಎಂದಿತು ಒಂದು ಮುದುಕಿ. ನಗು ಎದ್ದಿತು.

“ಅದು ಆರ್ ಕೊಡದ್ದಲ್ಲ. ಎರಡರದು.” ಇನ್ನೂ ದೊಡ್ಡ ನಗು. “ಜಗದೇವಿ ಇಟ್ಕೊಂಡಿಲ್ಲ. ಒಲ್ಯಾಗ ಕುಂತಿತ್ತು, ನಾನೇ ಒಯ್ಯಾಕ ಬರ್ಲಿಲ್ಲ. ಆಕಿ ನನ್ನ ಹಂಡಿ ಕದ್ದಾಳ ಅಂತ ನಾ ಊರೂರು ಹೇಳ್ಕೊಂತ ತಿರಗಿದ ಹತ್ತೊಂಬತ್ತು ವರ್ಷ, ಆಕಿ ಪರಾತದಾಗ ದಿನಾ ರೊಟ್ಟಿ ಹಿಟ್ಟು ನಾದೀನಿ. ಈ ಪರಾತ.” ಬೋರಲು ಮಾಡಿ ಹೆಸರು ತೋರಿಸಿದೆ. ಬಿಸಿಲು ಹಿತ್ತಾಳೆಗೆ ಬಡಿದು ಎದುರಿನವರ ಮುಖದ ಮೇಲೆ ಓಡಾಡಿತು. “ಇದನ್ನ ಅನಸುಬಾಯಿ ಒಯ್ದಿಲ್ಲ. ಒಯ್ದಾಕಿ ನಾನು. ಗೊತ್ತಿಲ್ದ ಒಯ್ದೆ, ಆದ್ರ ಒಂದ್ ದಿನ ತಿರುವಿ ನೋಡಿದ್ರ ಗೊತ್ತಾಗ್ತಿತ್ತು.”

ಈಗ ಯಾರೂ ನಗಲಿಲ್ಲ. ಜಗದೇವಿ ಎದ್ದು, “ಬಾವಿ ಕಟ್ಟಿ ಮ್ಯಾಲ ಆಕೀಗಿ ಕಳ್ಳಿ ಅಂದಾಕಿ ನಾನು. ಸುಳ್ಳೇ ಅಂದೆ,” ಎಂದು ಅಳತೊಡಗಿದಳು. ಅವಳ ಅಳು ಬಹಳ ಚೆನ್ನಾಗಿತ್ತು. ಜನರ ಮನಸ್ಸು ಅವಳ ಕಡೆ ಹರಿಯುವುದು ನನಗೆ ಕಾಣುತ್ತಿತ್ತು. ನಾನೂ ಸ್ವಲ್ಪ ಅತ್ತಿದ್ದರೆ ಒಳ್ಳೆಯದಿತ್ತೇನೋ ಎಂದುಕೊಂಡೆ. ಅಂಥ ಗಳಿಗೆಯಲ್ಲೂ ಮನುಷ್ಯರ ತಲೆಯಲ್ಲಿ ಇಂಥದ್ದು ನಡೆಯುತ್ತದೆ. ನನ್ನ ತಲೆಯಲ್ಲಂತೂ ನಡೆಯುತ್ತದೆ.

ಎಲ್ಲರೂ ಬೇವಿನ ಗಿಡದ ಕಡೆ ತಿರುಗಿದರು. ಅನಸುಬಾಯಿ ಸೆರಗು ಸರಿಮಾಡಿಕೊಂಡು, ಆತುರವಿಲ್ಲದೆ, ಮುಂದಿನ ಸಾಲಿಗೆ ಬಂದಳು. ಹಾಸಿದ ಜಮಖಾನದ ನಡುವೆ, ಬೀಗರಿಗೆ ಬಿಟ್ಟ ಜಾಗದಲ್ಲಿ ಕೂತಳು. ಪರಾತವನ್ನು ನನ್ನ ಕೈಯಿಂದ ಇಸಿದುಕೊಂಡು, ಬೆನ್ನ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ ಒಂದೊಂದಾಗಿ ಓದಿದಳು. ಆಮೇಲೆ ಜಗದೇವಿಯ ಕೈಗೆ ಕೊಟ್ಟಳು.

“ನಾ ಇನ್ನಾ ಬಿಟ್ಟಿಲ್ಲ,” ಎಂದಳು, ನನ್ನನ್ನೇ ನೋಡುತ್ತಾ. “ಬಿಟ್ರ ಹೇಳಿ ಕಳಸ್ತೀನಿ. ಸದ್ಯಾಕ ಚಾ ತರ್ರಿ.”

ನಾನೇ ಹೋಗಿ ತಂದೆ. ಸಕ್ಕರೆ ಕಡಿಮೆ ಎಂದಳು. ಮತ್ತೆ ಹೋಗಿ ಹಾಕಿಸಿಕೊಂಡು ಬಂದೆ. ಆಮೇಲೆ ಭಾಗ್ಯಾಳ ತಲೆಯ ಮೇಲೆ ನೀರು ಹಾಕುವಾಗ ಜಗದೇವಿ ಅವಳನ್ನು ಕರೆದಳು. ಅನಸುಬಾಯಿ ಎದ್ದು ಹೋಗಿ ಒಂದು ಚೊಂಬು ಹಾಕಿದಳು. ಮದುಮಗಳು “ಭಾಳ ಸುಡ್ತದಬೇ!” ಎಂದು ಕಿರುಚಿದಳು. “ಹಂಡಿ ಹಂತಾದ್ದದ, ಆರೂದು ತಡ,” ಎಂದಳು ಅನಸುಬಾಯಿ. ಅವಳ ತುಟಿ ಒಂದಿಷ್ಟು ಸಡಿಲಾದಂತೆ ಕಂಡಿತು. ನನ್ನ ಆಸೆಗೆ ಹಾಗೆ ಕಂಡಿರಲೂಬಹುದು.

ಮದುವೆ ಮುಗಿದು ಹೊರಡುವಾಗ ಜಗದೇವಿ, ಒಲೆ ಒಡೆಸಿ ಹಂಡೆ ಕೊಡುತ್ತೇನೆ, ಈಗಲೇ ಒಯ್ಯಿ ಎಂದು ಹಟ ಹಿಡಿದಳು. ನಮ್ಮ ವಾಡಿಯ ಬಚ್ಚಲನ್ನು ನೆನೆಸಿಕೊಂಡೆ. ಒಂದು ಬಕೀಟು, ಒಂದು ಸ್ಟೂಲು, ಗೋಡೆಯ ಮೇಲೆ ಗೀಜರು. ಹಂಡೆ ಇಟ್ಟರೆ ನಾನು ಹೊರಗೆ ನಿಂತು ಸ್ನಾನ ಮಾಡಬೇಕು. ಹತ್ತೊಂಬತ್ತು ವರ್ಷ ಬೇಕು ಬೇಕು ಎಂದ ವಸ್ತುವನ್ನು ಎಲ್ಲಿಡುವುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

“ಇಲ್ಲೇ ಇರ್ಲಿ. ದೀಪಾವಳಿಗಿ ನೀರ ಎರಕೊಳ್ಳಾಕ ಬರ್ತೀನಿ,” ಎಂದೆ.

ಸೇಡಂನಲ್ಲಿ ಗಾಡಿ ಹತ್ತಿದ ಮೇಲೆ ಎದುರಿಗೆ ಒಬ್ಬ ಹೆಂಗಸು ಬಂದು ಕೂತಳು. ನನ್ನದೇ ವಯಸ್ಸು, ಕೇಳುವ ಮುಖ, ಕೈಯಲ್ಲಿ ಬೇರೆ ಕೆಲಸವಿಲ್ಲ. ಬಾಯಿ ತೆರೆದೆ, ಹೇಳಲು ಏನೂ ಇರಲಿಲ್ಲ. ಮುಚ್ಚಿದೆ. ಮಳಖೇಡ ರೋಡ್ ಸ್ಟೇಷನ್ನಿನ ತನಕ ಕಿಟಕಿಯ ಹೊರಗಿನ ಬಿಸಿಲು ನೋಡಿದೆ. ಎದೆಯಲ್ಲಿ ಹಲ್ಲು ಕಿತ್ತ ಜಾಗದಂಥ ಒಂದು ಖಾಲಿ. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಹಗುರ ಅನ್ನುವುದು ಇದೇ ಇದ್ದರೆ, ಆ ಮೇಡಂ ಮೊದಲೇ ಹೇಳಬೇಕಿತ್ತು.

ಚಿತ್ತಾಪುರ ಹತ್ತಿರ ಬಂದಂತೆ ಮಡಿಲಲ್ಲಿದ್ದ, ಮದುವೆಯಲ್ಲಿ ನನಗೆ ಕೊಟ್ಟ ಆಯೇರಿ ಸೀರೆಯ ಚೀಲ ಬಿಚ್ಚಿ ಅಂಚು ಮುಟ್ಟಿ ನೋಡಿದೆ. ಅನಸುಬಾಯಿಗೆ ಜಗದೇವಿ ಕೊಟ್ಟ ಸೀರೆಯ ಅಂಚು ಇದಕ್ಕಿಂತ ಎರಡು ಬೆರಳು ಅಗಲವಿತ್ತು. ಬಣ್ಣವೂ ತುಂಬು ಬಣ್ಣ.

“ನೋಡ್ರಿ,” ಎಂದೆ ಗಂಡನಿಗೆ, “ಆಕೀಗಿ ಕೊಟ್ಟ ಸೀರಿ ಛಲೋ ಇತ್ತು. ಕೊಡಬಾರ್ದಂತಲ್ಲ, ಕೊಡ್ಬೇಕು. ಆದ್ರೂ ಮನಿ ಹಿರೇ ಸೊಸಿ ನಾನು...”

ಅವರು ಕಣ್ಣು ಮುಚ್ಚಿ ಕೂತಿದ್ದರು. ತೆರೆಯಲಿಲ್ಲ.

“ನಿನ್ನ ಕ್ಲಾಸಿಗಿ ಇವತ್ತಿಗಿ ಎಷ್ಟ್ ದಿನ ಆತು?”

“ಇಪ್ಪತ್ತು.”

“ಇನ್ನಾ ಒಂದ್ ದಿನ ಅದ. ಸೀರಿ ಬಿಡೂದು ನಾಳಿಗಿ ಇಟ್ಕೋ.”